ಊರಿಗೆಲ್ಲ ತಾತಯ್ಯ

ಈ ತಿಂಗಳ ನಮ್ಮ ಮಾತಿಗೆ ಒಂದು ಮಗುವಿನ ಪ್ರಶ್ನೆಯೇ ಪೀಠಿಕೆ. ಕಳೆದ ತಿಂಗಳ ಒಂದು ಸಾಯಂಕಾಲ ನಮ್ಮ ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮೈಸೂರಿನ ಪೇಟೆಗೆ ಹೋಗಿದ್ದೆವು. ದೇವರಾಜ ಮಾರುಕಟ್ಟೆಯಲ್ಲಿ ಹೂವು, ವೀಳೆಯದೆಲೆ, ಬಾಳೆಹಣ್ಣುಗಳನ್ನು ಕೊಂಡು ಹಿಂದಿರುಗುವಾಗ ನಗರದ ನಡುವಣ ಒಂದು ಪ್ರತಿಮೆಯ ಬಳಿಯಲ್ಲಿ ದಣಿವಾರಿಸಿಕೊಳ್ಳಲು ನಿಂತೆವು. ಪ್ರತಿಮೆಯ ಕೊರಳಿನಲ್ಲಿ ಒಂದು ಹಾರವಿದ್ದಿತು. ಅದು ಆಗಲೇ ಬಾಡಿಹೋಗಿದ್ದಿತು. “ಇವರು ಯಾರು?” ಎಂದು ಮಗುವು ಕೇಳಿತು. “ಇವರು ತಾತಯ್ಯನವರು” ಎಂದೆವು. ಅವಳು ಒಂದು ಸಲ ಪ್ರತಿಮೆಯನ್ನೂ ಒಂದು ಸಲ ನಮ್ಮ ಮುಖವನ್ನೂ ನೋಡಿ, “ತಾತಾ, ಇವರು ಯಾರ ತಾತ?” ಎಂದಳು.

ಪ್ರಶ್ನೆಯು ಚಿಕ್ಕದು, ಆದರೆ ಉತ್ತರವು ನಮಗೆ ಒಡನೆಯೇ ಹೊಳೆಯಲಿಲ್ಲ. ಆ ಪ್ರತಿಮೆಯ ಮುಂದೆ ನಾವು ಅದೆಷ್ಟೋ ವರ್ಷಗಳಿಂದ ಹಾದುಹೋಗಿದ್ದೇವೆ. ಅವರು ದೊಡ್ಡವರೆಂಬುದನ್ನು ಬಲ್ಲೆವು; ಅವರ ಹೆಸರು ಎಂ. ವೆಂಕಟಕೃಷ್ಣಯ್ಯನವರೆಂಬುದನ್ನೂ ಬಲ್ಲೆವು. ಆದರೆ ಊರಿಗೆ ಊರೇ ಒಬ್ಬ ಮನುಷ್ಯನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ತಾತಯ್ಯನೆಂದು ಕರೆಯಬೇಕಾದರೆ ಅದಕ್ಕೆ ಕಾರಣವೇನಿರಬೇಕೆಂದು ನಿಂತು ಯೋಚಿಸಿದವರಲ್ಲ. ಮಗುವಿಗೆ “ಮನೆಗೆ ಹೋಗಿ ಹೇಳುತ್ತೇವೆ” ಎಂದು ಸಮಾಧಾನಪಡಿಸಿ ಕರೆತಂದೆವು. ಆ ರಾತ್ರಿ ಅವಳಿಗೆ ಹೇಳಿದ್ದನ್ನೂ, ಅವಳಿಗೆ ಹೇಳಲಾರದೆ ನಮ್ಮಲ್ಲೇ ಉಳಿದುದನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ನಮ್ಮ ಕನ್ನಡದ ಮನೆಗಳಲ್ಲಿ ನಂಟಿನ ಮಾತುಗಳಿಗೆ ಬಡತನವಿಲ್ಲ. ದಾರಿಯಲ್ಲಿ ಕಂಡ ಹಿರಿಯನು ತಾತ, ಎದುರುಮನೆಯವನು ಮಾವ, ತರಕಾರಿ ಮಾರುವಾಕೆ ಅಕ್ಕ, ಜಟಕಾ ಹೊಡೆಯುವಾತ ಅಣ್ಣ. ಇದು ಮರ್ಯಾದೆಯ ಮಾತು. ಮಾತು ಮುಗಿದೊಡನೆ ನಂಟೂ ಮುಗಿಯುವುದು. ಆದರೆ ಈ ವೆಂಕಟಕೃಷ್ಣಯ್ಯನವರ ವಿಷಯದಲ್ಲಿ ಮರ್ಯಾದೆಯ ಮಾತೇ ಹೆಸರಾಗಿ ನಿಂತುಬಿಟ್ಟಿತು. ಅವರು ತೀರಿಕೊಂಡು ತೊಂಬತ್ತು ವರ್ಷಗಳು ಕಳೆದರೂ ಆ ಹೆಸರು ಸವೆದಿಲ್ಲ. ಹೀಗಾಗಬೇಕಾದರೆ ಆ ನಂಟನ್ನು ಅವರು ನಿಜವಾಗಿಯೂ ನಡೆಯಿಸಿರಬೇಕಲ್ಲವೆ?

ತಾತಯ್ಯನವರು ಹುಟ್ಟಿದುದು ೧೮೪೪ನೆಯ ಇಸವಿಯ ಆಗಸ್ಟ್ ೨೦ರಂದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆ ಎಂಬ ಹಳ್ಳಿಯಲ್ಲಿ. ಆಗ ಮೈಸೂರಿನ ಆಡಳಿತವು ಅರಸರ ಕೈಯಲ್ಲಿರಲಿಲ್ಲ. ೧೮೩೧ರಲ್ಲಿ ಇಂಗ್ಲಿಷರು ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಹೆಸರನ್ನು ಮಾತ್ರ ಉಳಿಸಿಕೊಂಡು ಅರಮನೆಯಲ್ಲಿದ್ದರು. ಮಾರ್ಕ್ ಕಬ್ಬನ್ ಸಾಹೇಬರು ಕಮಿಷನರಾಗಿ ಬೆಂಗಳೂರಿನಿಂದ ನಾಡನ್ನು ಆಳುತ್ತಿದ್ದರು. ಮೈಸೂರಿಗೆ ರೈಲು ಇರಲಿಲ್ಲ. ಕನ್ನಡದಲ್ಲಿ ವೃತ್ತಪತ್ರಿಕೆಯನ್ನು ಓದುವ ಅಭ್ಯಾಸವೂ ಈ ಸೀಮೆಯಲ್ಲಿ ಇರಲಿಲ್ಲ. ಅಂತಹ ಕಾಲದಲ್ಲಿ ಹುಟ್ಟಿದವರು, ಮುಂದೆ ಚಾಮರಾಜ ಒಡೆಯರ ಕಾಲವನ್ನೂ, ೧೮೮೧ರಲ್ಲಿ ನಾಡು ಮತ್ತೆ ಅರಸರ ಕೈಗೆ ಬಂದುದನ್ನೂ, ೧೮೯೪ರಲ್ಲಿ ಆ ಅರಸರು ಎಳೆಯ ಪ್ರಾಯದಲ್ಲೇ ತೀರಿಕೊಂಡುದನ್ನೂ, ವಾಣೀವಿಲಾಸ ಸನ್ನಿಧಾನದವರ ಪ್ರತಿನಿಧಿತ್ವದ ಆಳ್ವಿಕೆಯನ್ನೂ, ೧೯೦೨ರಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯನ್ನೂ ಕಂಡು, ೧೯೩೩ರ ನವೆಂಬರಿನಲ್ಲಿ ದೇಹವನ್ನು ಬಿಟ್ಟರು. ಎಂಬತ್ತೊಂಬತ್ತು ವರ್ಷಗಳ ಬಾಳು! ಒಬ್ಬನೇ ಮನುಷ್ಯನು ಎಣ್ಣೆಯ ದೀಪದಲ್ಲಿ ಅಕ್ಷರ ಕಲಿತು, ಮೈಸೂರಿನ ಬೀದಿಗಳಲ್ಲಿ ೧೯೦೮ರಲ್ಲಿ ವಿದ್ಯುದ್ದೀಪವು ಹತ್ತಿದುದನ್ನೂ, ೧೯೧೬ರಲ್ಲಿ ವಿಶ್ವವಿದ್ಯಾನಿಲಯವು ನೆಲೆಗೊಂಡುದನ್ನೂ, ಕನ್ನಂಬಾಡಿಯ ಕಟ್ಟೆಯಲ್ಲಿ ಕಾವೇರಿಯು ನಿಂತುದನ್ನೂ ಕಂಡನೆಂದರೆ ಅದು ಸಾಮಾನ್ಯವಾದ ಆಯುಷ್ಯವಲ್ಲ.

ಆದರೆ ಆಯುಷ್ಯವೊಂದರಿಂದಲೇ ಯಾರೂ ಊರಿಗೆ ತಾತನಾಗುವುದಿಲ್ಲ. ಎಷ್ಟೋ ಮಂದಿ ತೊಂಬತ್ತು ವರ್ಷ ಬಾಳಿ, ತಮ್ಮ ಜಗಲಿಯ ಮೇಲೆ ಕುಳಿತು, ತಮ್ಮ ಕಾಲವನ್ನು ಹೊಗಳುತ್ತ, ಇಂದಿನ ಕಾಲವನ್ನು ಹಳಿಯುತ್ತ ಮುಗಿಸುವರು. ತಾತಯ್ಯನವರು ಮಾಡಿದುದೇನೆಂಬುದನ್ನು ನೋಡೋಣ.

ಅವರ ಮೊದಲನೆಯ ಕಸುಬು ಉಪಾಧ್ಯಾಯತನ. ಅರಮನೆಯಲ್ಲಿ ಗುರಿಕಾರರಾಗಿದ್ದ ಮರಿಮಲ್ಲಪ್ಪನವರ ಧರ್ಮದ್ರವ್ಯದಿಂದ ೧೮೭೬ರಲ್ಲಿ ಮೈಸೂರಿನಲ್ಲಿ ಒಂದು ಪಾಠಶಾಲೆಯು ಏರ್ಪಟ್ಟಿತು. ಮರಿಮಲ್ಲಪ್ಪನವರ ಹೈಸ್ಕೂಲೆಂದು ಅದು ಈಗಲೂ ಹೆಸರಾಗಿದೆ. ಆ ಶಾಲೆಗೆ ತಾತಯ್ಯನವರು ಬಹುಕಾಲ ಮುಖ್ಯೋಪಾಧ್ಯಾಯರಾಗಿದ್ದರು. ಆ ಇಸವಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದೇ ೧೮೭೬ರಲ್ಲಿ ಮೈಸೂರು ಸೀಮೆಯಲ್ಲಿ ಮಳೆಯು ಹೋಗಿ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೊದಲಾಯಿತು. ೧೮೭೧ರ ಖಾನೇಷುಮಾರಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ಈ ಅಂಕೆಗಳನ್ನು ಓದಿ ಪುಟವನ್ನು ತಿರುವುವುದು ಸುಲಭ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಯಾರು ಸತ್ತರು, ಯಾರು ಉಳಿದರು ಎಂದು ಯೋಚಿಸಿದರೆ, ಉಳಿದವರಲ್ಲಿ ತಂದೆತಾಯಿಗಳಿಲ್ಲದ ಮಕ್ಕಳೆಷ್ಟು ಮಂದಿ ಇದ್ದಿರಬೇಕೆಂಬುದು ತಾನಾಗಿಯೇ ತೋರುವುದು. ಇಪ್ಪತ್ತು ವರ್ಷ ಕಳೆದು ಅದರ ಗಾಯವು ಮಾಯುವಷ್ಟರಲ್ಲಿ, ೧೮೯೮ರಲ್ಲಿ, ಪ್ಲೇಗು ಬಂದಿತು. ಮತ್ತೆ ಮನೆಗಳು ಬರಿದಾದುವು. ಮತ್ತೆ ಮಕ್ಕಳು ಅನಾಥರಾದರು.

ಈ ಕಾಲದ ಮೈಸೂರಿಗೆ ಓದಲೆಂದು ಬರುತ್ತಿದ್ದ ಬಡಹುಡುಗರ ಸ್ಥಿತಿಯನ್ನು ನಮ್ಮ ಹಿರಿಯರ ಬಾಯಿಂದ ಕೇಳಿದ್ದೇವೆ. ಹಳ್ಳಿಯಿಂದ ಒಂದು ಬಟ್ಟೆಯ ಗಂಟನ್ನು ಹೊತ್ತು ಬಂದವನಿಗೆ ಮೊದಲು ಬೇಕಾದುದು ಪುಸ್ತಕವಲ್ಲ, ಅನ್ನ. ಅದಕ್ಕಾಗಿ ವಾರಾನ್ನವೆಂಬ ಏರ್ಪಾಡು ಇದ್ದಿತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಹುಡುಗನು ಓದಬೇಕು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಹೊಟ್ಟೆಗೆ ತಣ್ಣೀರೇ ಗತಿ. ಬಡಿಸುವ ಕೈಗಳಲ್ಲಿ ಕೆಲವು ತಾಯಿಯ ಕೈಗಳು. ಕೆಲವು ಎಣಿಸಿ ಬಡಿಸುವ ಕೈಗಳು. ಈ ಏರ್ಪಾಡಿನಿಂದ ಓದಿ ದೊಡ್ಡವರಾದವರು ಬಹುಮಂದಿ, ನಿಜ. ಆದರೆ ಅದಕ್ಕೂ ಒಂದು ಎಲ್ಲೆಯಿದ್ದಿತು. ಬಡಿಸುವವರ ಜಾತಿಮತಗಳ ನಂಟು ಇದ್ದ ಹುಡುಗನಿಗೆ ಮಾತ್ರ ಮನೆಯ ಬಾಗಿಲು ತೆರೆಯುತ್ತಿದ್ದಿತು. ಯಾರ ಪರಿಚಯವೂ ಇಲ್ಲದವನಿಗೆ ವಾರವೂ ಇಲ್ಲ, ಅನ್ನವೂ ಇಲ್ಲ.

ತಾತಯ್ಯನವರು ಮೈಸೂರಿನಲ್ಲಿ ಅನಾಥಾಲಯವನ್ನು ಸ್ಥಾಪಿಸಿದರು. ಅವರ ಹೆಸರಿನೊಡನೆ ಜನರು ಇಂದಿಗೂ ಮೊದಲು ನೆನೆಯುವ ಕೆಲಸವು ಇದೇ. ದಾನಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಛತ್ರ, ಅರವಟ್ಟಿಗೆ, ಮಠದ ದಾಸೋಹ, ಇವೆಲ್ಲ ಮೊದಲಿನಿಂದಲೂ ಇದ್ದುವು. ಆದರೆ ಛತ್ರದಲ್ಲಿ ಉಂಡವನು ಉಂಡು ಎದ್ದುಹೋಗುವನು. ಮಗುವಿಗೆ ಒಂದು ಹೊತ್ತಿನ ಊಟವು ಸಾಲದು. ನಾಳೆಯೂ ಅದೇ ಜಾಗದಲ್ಲಿ ಎಲೆ ಹಾಕುವರೆಂಬ ಭರವಸೆಯು ಬೇಕು. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಬೇಕು. ಪಾಠ ಒಪ್ಪಿಸದಿದ್ದರೆ ಗದರಿಸುವವರು ಬೇಕು. ಇದು ಛತ್ರದ ಕೆಲಸವಲ್ಲ, ಮನೆಯ ಕೆಲಸ. ಅದೇ ಕಾಲದಲ್ಲಿ ಪಂಡಿತಾ ರಮಾಬಾಯಿಯವರು ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನೂ, ಧೋಂಡೋ ಕೇಶವ ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನೂ ಆರಂಭಿಸಿದರು. ನಂಟರಿಲ್ಲದವರಿಗೆ ನಂಟನ್ನು ಕಟ್ಟಿಕೊಡಬೇಕೆಂಬ ಎಚ್ಚರವು ದೇಶದಲ್ಲೆಲ್ಲ ಮೂಡುತ್ತಿದ್ದ ಕಾಲವದು. ಮೈಸೂರಿನ ಪಾಲಿಗೆ ಆ ಎಚ್ಚರವು ತಾತಯ್ಯನವರ ರೂಪದಲ್ಲಿ ಬಂದಿತು. ಮಹಾರಾಜರು ಅವರಿಗೆ ‘ದಯಾಸಾಗರ’ ಎಂಬ ಬಿರುದನ್ನು ಕೊಟ್ಟು ಗೌರವಿಸಿದರು. ಬಿರುದುಗಳು ಎಷ್ಟೋ ಇರುವುವು. ಈ ಬಿರುದು ಮಾತ್ರ ಜನರು ಮನೆಯಲ್ಲಿ ಕರೆಯುತ್ತಿದ್ದ ಹೆಸರಿನ ಅರ್ಥವನ್ನೇ ಸಂಸ್ಕೃತದಲ್ಲಿ ಹೇಳಿದಂತಿದ್ದಿತು.

ಇಷ್ಟನ್ನೇ ಮಾಡಿದ್ದರೂ ಅವರನ್ನು ನೆನೆಯಬಹುದಾಗಿದ್ದಿತು. ಆದರೆ ಅವರಿಗೆ ಇನ್ನೊಂದು ಮುಖವುಂಟು. ಮುದುಕರ ವಿಷಯದಲ್ಲಿ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಅವರ ಮೃದುತ್ವವನ್ನು ಮಾತ್ರ ನೆನೆದು ಅವರ ಕೆಚ್ಚನ್ನು ಮರೆತುಬಿಡುವುದು. ತಾತಯ್ಯನವರು ಲೇಖನಿ ಹಿಡಿದ ಹಳೆಯ ಹೋರಾಟಗಾರರು.

ಮೈಸೂರಿನಲ್ಲಿ ಮೊದಲ ಕನ್ನಡ ಪತ್ರಿಕೆಯಾದ ‘ಮೈಸೂರು ವೃತ್ತಾಂತ ಬೋಧಿನಿ’ಯನ್ನು ಭಾಷ್ಯಂ ಭಾಷ್ಯಾಚಾರ್ಯರು ೧೮೫೯ರಲ್ಲಿ ಹೊರಡಿಸಿದರು. ಆದರೆ ಪತ್ರಿಕೆಯೆಂಬುದು ಗೃಹಸ್ಥನ ಕೈಗೆ ತಪ್ಪದೆ ಬಂದು, ಅದನ್ನು ಓದಿ ಅವನು ಸರಕಾರದ ಕೆಲಸವನ್ನು ತೂಗಿನೋಡುವಂತಹ ಪದ್ಧತಿಯು ನೆಲೆಗೊಳ್ಳಲು ಇನ್ನೂ ಬಹುಕಾಲ ಹಿಡಿಯಿತು. ಅದನ್ನು ನೆಲೆಗೊಳಿಸಿದವರಲ್ಲಿ ತಾತಯ್ಯನವರ ಹೆಸರೇ ಮುಂದಿನದು. ‘ವೃತ್ತಾಂತ ಚಿಂತಾಮಣಿ’, ‘ಸಂಪದಭ್ಯುದಯ’, ‘ಸಾಧ್ವಿ’ ಇವು ಅವರ ಕೈಯಲ್ಲಿ ಬೆಳೆದ ಕನ್ನಡ ಪತ್ರಿಕೆಗಳು. ಇಂಗ್ಲಿಷಿನಲ್ಲಿ ‘ಮೈಸೂರ್ ಪೇಟ್ರಿಯಟ್’ ಮೊದಲಾದುವು. ‘ಸಾಧ್ವಿ’ಯನ್ನು ಮುಂದೆ ಅಗರಂ ರಂಗಯ್ಯನವರು ವಹಿಸಿಕೊಂಡು ಬಹುಕಾಲ ನಡೆಯಿಸಿದರು. ಬೆಳಗ್ಗೆ ಶಾಲೆಯಲ್ಲಿ ಪಾಠ ಹೇಳುವವರೇ ಪತ್ರಿಕೆಯಲ್ಲಿ ಊರಿಗೆ ಪಾಠ ಹೇಳತೊಡಗಿದರು. ಮೈಸೂರಿನಲ್ಲಿ ಪತ್ರಿಕಾವೃತ್ತಿಗೆ ಅವರನ್ನು ಪಿತಾಮಹರೆಂದು ಕರೆಯುವುದು ಸಲುವಾಗಿಯೇ ಇದೆ.

ಆ ಕಾಲದ ಪ್ರಜೆಗೆ ತನ್ನ ಮಾತನ್ನು ಸರಕಾರಕ್ಕೆ ಮುಟ್ಟಿಸಲು ಎರಡೇ ದಾರಿಗಳಿದ್ದುವು. ಒಂದು, ದಿವಾನ್ ರಂಗಾಚಾರ್ಲುರವರು ೧೮೮೧ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ. ಅದು ದಸರೆಯ ಸಮಯದಲ್ಲಿ ಕೂಡುತ್ತಿದ್ದಿತು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುವರು. ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವರು. ಕೇಳುವ ಅಧಿಕಾರವುಂಟು; ಮಾಡಿಸುವ ಅಧಿಕಾರವಿಲ್ಲ. ಇನ್ನೊಂದು ದಾರಿಯೇ ವೃತ್ತಪತ್ರಿಕೆ. ತಾತಯ್ಯನವರು ಎರಡು ದಾರಿಗಳಲ್ಲಿಯೂ ನಡೆದವರು. ಸಭೆಯಲ್ಲಿ ಕುಳಿತು ಮಾತನಾಡಿದರು, ಪತ್ರಿಕೆಯಲ್ಲಿ ನಿಂತು ಬರೆದರು.

೧೯೦೮ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ನಿಬಂಧನೆಯೆಂಬ ಕಾನೂನು ಬಂದಿತು. ಸರಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸಕೂಡದು. ಕೊಟ್ಟ ಅಪ್ಪಣೆಯನ್ನು ಸರಕಾರವು ಹಿಂತೆಗೆದುಕೊಳ್ಳಬಹುದು. ಅದರ ತಾತ್ಪರ್ಯವು ಇಷ್ಟೇ: ನೀನು ಬರೆಯಬಹುದು, ಆದರೆ ನಾವು ಸಹಿಸುವಷ್ಟು ದಿನ ಮಾತ್ರ. ಆಗ ತಾತಯ್ಯನವರಿಗೆ ಅರವತ್ತನಾಲ್ಕು ವರ್ಷ. ಅಪ್ಪಣೆಯನ್ನು ಬೇಡಿ, ಬಾಯಿಗೆ ಬೀಗ ಹಾಕಿಕೊಂಡು, ಜಾತ್ರೆ ರಥೋತ್ಸವಗಳ ಸುದ್ದಿಯನ್ನು ಅಚ್ಚುಮಾಡಿಕೊಂಡಿದ್ದರೆ ಅವರನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಆ ವಯಸ್ಸಿಗೆ ಅದೇ ವಿವೇಕವೆಂದು ನೆರೆಹೊರೆಯವರು ಹೇಳುತ್ತಿದ್ದರೇನೋ. ಅವರು ಹಾಗೆ ಮಾಡಲಿಲ್ಲ. ಆ ಕಾನೂನನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಗೃಹಸ್ಥರಾದ ವಾಚಕರು ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಪತ್ರಿಕೆಯನ್ನು ನಿಲ್ಲಿಸುವುದೆಂದರೆ ಅಂಗಡಿಯ ಬಾಗಿಲನ್ನು ಒಂದು ದಿನ ಮುಚ್ಚಿದಂತಲ್ಲ. ಚಂದಾದಾರರು ಚದರಿಹೋಗುವರು; ಮೊಳೆ ಜೋಡಿಸುವವನು ಬೇರೆ ಕೆಲಸವನ್ನು ಹುಡುಕಿಕೊಳ್ಳುವನು; ವರ್ಷಗಟ್ಟಳೆ ಕೂಡಿಟ್ಟ ನಂಬಿಕೆಯು ಕರಗಿಹೋಗುವ ಭಯವಿರುವುದು. ತನ್ನ ಕೈಯಿಂದಲೇ ನೆಟ್ಟು ನೀರೆರೆದ ಗಿಡವನ್ನು, ಅದು ಇನ್ನೊಬ್ಬರ ಅಂಗಳದ ತೋರಣಕ್ಕೆ ಸಲ್ಲಬಾರದೆಂದು, ತಾನೇ ಕಡಿದುಹಾಕಿದಂತೆ. ಇದು ಸಿಟ್ಟಿನಲ್ಲಿ ಮಾಡುವ ಕೆಲಸವಲ್ಲ. ಸ್ಥಿರಬುದ್ಧಿಯಿಂದ ಮಾಡುವ ಕೆಲಸ.

ಅನ್ನವಿಕ್ಕುವ ಕೈಯೂ ಎದುರುನಿಲ್ಲುವ ಬೆನ್ನೆಲುಬೂ ಒಬ್ಬನಲ್ಲಿಯೇ ಹೇಗೆ ಸೇರಿದುವೆಂದು ನಮಗೆ ಮೊದಲು ಸೋಜಿಗವೆನಿಸಿತು. ಲೋಕದಲ್ಲಿ ಇವೆರಡೂ ಸಾಮಾನ್ಯವಾಗಿ ಬೇರೆಬೇರೆಯಾಗಿರುವುವು. ಧರ್ಮಸಂಸ್ಥೆಯನ್ನು ನಡೆಯಿಸುವವನು ಅಧಿಕಾರಿಗಳೊಡನೆ ವಿರಸ ಬೇಡವೆಂದು ಅಂಜುವನು, ಏಕೆಂದರೆ ನಾಳೆ ಅವರ ಮುಂದೆಯೇ ಚಂದಾಪಟ್ಟಿಯನ್ನು ಹಿಡಿಯಬೇಕು. ಸರಕಾರವನ್ನು ಟೀಕಿಸುವವನಿಗೆ ಅಡಿಗೆಮನೆಯ ಅಕ್ಕಿಬೇಳೆಗಳ ಲೆಕ್ಕವನ್ನು ನೋಡುವಷ್ಟು ವ್ಯವಧಾನವಿರುವುದಿಲ್ಲ. ಆದರೆ ಯೋಚಿಸಿದಷ್ಟೂ ನಮಗೆ ತೋರುವುದೇನೆಂದರೆ, ತಾತಯ್ಯನವರಲ್ಲಿ ಇವು ಎರಡಲ್ಲ, ಒಂದೇ. ಪರರ ಮಕ್ಕಳನ್ನು ತನ್ನ ಮಕ್ಕಳೆಂದು ನಿಜವಾಗಿಯೂ ತಿಳಿದವನು, ಆ ಮಕ್ಕಳು ಬೆಳೆದು ಬಾಳಬೇಕಾದ ನಾಡಿನಲ್ಲಿ ಅನ್ಯಾಯ ನಡೆದರೆ ಹೇಗೆ ಸುಮ್ಮನಿರುವನು? ಮನೆಯ ಮಗುವಿಗೆ ಅನ್ಯಾಯವಾದರೆ ಮನೆಯ ಹಿರಿಯನು ಜಗಲಿಯಿಂದ ಎದ್ದುಬರುವನಷ್ಟೆ. ಅವರ ಮನೆಯು ಊರಷ್ಟು ದೊಡ್ಡದಾಗಿದ್ದಿತು. ಆದಕಾರಣ ಅವರ ಜಗಳವೂ ಊರಿನ ಜಗಳವಾಗಿದ್ದಿತು. ಆ ಜಗಳದಲ್ಲಿ ಸ್ವಂತ ಲಾಭದ ಸೋಂಕು ಇಲ್ಲದಿದ್ದುದರಿಂದಲೇ, ಅವರ ಮಾತಿನಿಂದ ಬಿಸಿ ತಗುಲಿಸಿಕೊಂಡ ಸಂಸ್ಥಾನದಲ್ಲಿಯೇ ಅವರಿಗೆ ಬಿರುದು ಬಾವಲಿಗಳೂ ದೊರೆತುವು. ಹೀಗೆ ಬೈಸಿಕೊಂಡವರೇ ಕೈಮುಗಿಯುವುದು ಮನೆಯ ಹಿರಿಯರ ವಿಷಯದಲ್ಲಿ ಮಾತ್ರ ನಡೆಯತಕ್ಕ ಸಂಗತಿ.

ಅವರ ಗ್ರಂಥಗಳ ಪಟ್ಟಿಯಲ್ಲಿಯೂ ಈ ಸ್ವಭಾವವು ಕಾಣುವುದು. ಹುಡುಗರು ಬಿಡದೆ ಓದುವಂತಹ ‘ಚೋರಗ್ರಹಣ ತಂತ್ರ’ವೆಂಬ ಪತ್ತೇದಾರಿಯ ಕಥೆಯನ್ನೂ ಬರೆದರು, ಅಮೆರಿಕದಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ೧೮೮೧ರಲ್ಲಿ ಟಸ್ಕೀಗಿಯ ವಿದ್ಯಾಸಂಸ್ಥೆಯ ಮುಖ್ಯಸ್ಥರಾಗಿ ತಮ್ಮ ಜನರಿಗೆ ಓದನ್ನೂ ಕೈಗಸುಬನ್ನೂ ಕಲಿಸಿದ ಬೂಕರ್ ವಾಷಿಂಗ್ಟನ್ನರ ಚರಿತ್ರೆಯನ್ನೂ ಕನ್ನಡಿಗರಿಗೆ ಹೇಳಿದರು. ಅನಾಥ ಬಾಲಕರ ನಡುವೆ ಬಾಳಿದ ಉಪಾಧ್ಯಾಯರು ಲೋಕದ ಅಷ್ಟು ಮಂದಿ ಮಹನೀಯರಲ್ಲಿ ಇವರನ್ನೇ ಆರಿಸಿಕೊಂಡುದೇಕೆಂಬುದನ್ನು ವಿವರಿಸಬೇಕಾಗಿಲ್ಲ. ೧೯೨೨ರಲ್ಲಿ ದಾವಣಗೆರೆಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ನಾಡಿನ ವಿದ್ವಾಂಸರು ಅಂದು ಆ ಪೀಠದಲ್ಲಿ ಕುಳ್ಳಿರಿಸಿದುದು ಅರ್ಧ ಶತಮಾನದಷ್ಟು ಕಾಲ ಮಕ್ಕಳಿಗೂ ದೊಡ್ಡವರಿಗೂ ಕನ್ನಡದಲ್ಲಿ ತಿಳಿವಳಿಕೆ ಹೇಳಿದ ಒಬ್ಬ ಮೇಷ್ಟರನ್ನು.

ಇಲ್ಲಿಯ ತನಕ ಬರೆದು, ಲೇಖನವನ್ನು ಮುಗಿಸಿದ್ದರೆ ನಮ್ಮ ಕೆಲಸವೂ ಹಗುರವಾಗಿ ಮುಗಿಯುತ್ತಿದ್ದಿತು. ಆದರೆ ಮಗುವಿಗೆ ಈ ಕಥೆಯನ್ನು ಹೇಳುತ್ತಿದ್ದ ರಾತ್ರಿಯೇ ನಮ್ಮ ಮನೆಯಲ್ಲಿ ಒಂದು ಸಂಗತಿಯು ಬೆಳಕಿಗೆ ಬಂದಿತು. ಅದನ್ನು ಮರೆಮಾಡಿದರೆ ಇಷ್ಟು ಬರೆದುದೂ ಸುಳ್ಳಾಗುವುದು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಏಳೆಂಟು ವರ್ಷಗಳಿಂದ ಬರುತ್ತಿದ್ದಾಳೆ. ಮನೆಯವರೆಲ್ಲ ಅವಳನ್ನು ಅಕ್ಕನೆಂದೇ ಕರೆಯುವರು. ಅವಳಿಗೆ ಒಬ್ಬ ಮಗನಿದ್ದಾನೆ, ಒಂಬತ್ತನೆಯ ತರಗತಿ. ತಾತಯ್ಯನವರು ಬಡಹುಡುಗರನ್ನು ಓದಿಸಿದ ಸಂಗತಿಯನ್ನು ಹೇಳುತ್ತಿರುವಾಗ ನಮ್ಮ ಮೊಮ್ಮಗಳು ಸಹಜವಾಗಿ, “ಅಕ್ಕನ ಮಗ ಈಗ ಶಾಲೆಗೆ ಹೋಗುವುದಿಲ್ಲ, ಗ್ಯಾರೇಜಿಗೆ ಹೋಗುತ್ತಾನೆ” ಎಂದಳು. ಮಾರನೆಯ ದಿನ ವಿಚಾರಿಸಲಾಗಿ, ಅವನು ಓದನ್ನು ನಿಲ್ಲಿಸಿ ಎರಡು ತಿಂಗಳಾಗಿದ್ದಿತು. ತಂದೆಗೆ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಆಕೆಯು ದಿನವೂ ಬೆಳಗ್ಗೆ ನಮ್ಮ ಅಡಿಗೆಮನೆಗೆ ಬಂದು ಹೋಗುತ್ತಿದ್ದಳು. ನಾವು ದಿನವೂ “ಏನಕ್ಕ, ಚೆನ್ನಾಗಿದ್ದೀಯಾ?” ಎಂದು ಕೇಳುತ್ತಿದ್ದೆವು. ಅವಳು “ಚೆನ್ನಾಗಿದ್ದೀನಿ, ಬುದ್ಧಿ” ಎನ್ನುತ್ತಿದ್ದಳು. ಏಳು ವರ್ಷದ ಮಗುವಿಗೆ ತಿಳಿದಿದ್ದುದು ಎಪ್ಪತ್ತರ ನಮಗೆ ತಿಳಿದಿರಲಿಲ್ಲ. “ನಮಗೇಕೆ ಹೇಳಲಿಲ್ಲ?” ಎಂದು ಕೇಳಿದಾಗ ಅವಳು ನೆಲವನ್ನು ನೋಡುತ್ತ, “ಹೋದ ವರ್ಷ ಒಂದು ಸಲ ಬಾಯಿ ತೆರೆದಿದ್ದೆ, ನೀವು ಪೇಪರು ಓದುತ್ತಿದ್ದಿರಿ” ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ನಡೆದುದನ್ನು ಹೇಳಿದಳು, ಅಷ್ಟೆ.

ಅಕ್ಕನೆಂದು ಕರೆದವರು ನಾವು. ಅಕ್ಕನ ಮಗನು ನಮಗೆ ಏನಾಗಬೇಕೆಂಬ ಲೆಕ್ಕವನ್ನು ಹಾಕದವರೂ ನಾವೇ. ತಾತಯ್ಯನವರಿಗೂ ನಮಗೂ ಇರುವ ಅಂತರವು ಇಷ್ಟರಲ್ಲಿಯೇ ತಿಳಿಯುವುದು. ನಮ್ಮ ಬಾಯಲ್ಲಿ ನಂಟಿನ ಮಾತು ಬರಿಯ ಮರ್ಯಾದೆಯಾಗಿ ನಿಂತಿತು. ಅವರ ಬಾಳಿನಲ್ಲಿ ಅದು ಹೊಣೆಯಾಯಿತು.

ಆ ವಾರವೇ ಹುಡುಗನ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ಅವರು ಹುಡುಗನನ್ನು ಮತ್ತೆ ಕುಳ್ಳಿರಿಸಿಕೊಂಡಿದ್ದಾರೆ. ತಪ್ಪಿಹೋದ ಗಣಿತದ ಪಾಠಗಳನ್ನು ನಮ್ಮ ಮಗನು ಭಾನುವಾರಗಳಂದು ಹೇಳಿಕೊಡುತ್ತಿದ್ದಾನೆ. ಹುಡುಗನು ಮುಂದೆ ಓದುವನೆಂದು ಭರವಸೆಯಿಂದ ಹೇಳಲಾರೆವು. ಎರಡು ತಿಂಗಳು ಕೂಲಿಯ ಹಣವನ್ನು ಕಂಡ ಕೈ ಅವನದು, ಮನೆಯ ಕಷ್ಟವೂ ತೀರಿಲ್ಲ. ಈ ಮಾತನ್ನು ಬರೆದುದು ನಮ್ಮ ಉಪಕಾರವನ್ನು ಸಾರಿಕೊಳ್ಳುವುದಕ್ಕಲ್ಲ. ಉಪಕಾರವೆನ್ನುವಷ್ಟು ಅದರಲ್ಲಿ ಏನೂ ಇಲ್ಲ. ಎರಡು ತಿಂಗಳು ತಡಮಾಡಿದವನು ಉಪಕಾರದ ಮಾತನ್ನೆತ್ತುವುದು ನಾಚಿಕೆಗೇಡು.

ನಮ್ಮಲ್ಲಿ ಹಿರಿಯರಿಗೆ ತರ್ಪಣ ಕೊಡುವ ಮನೆಗಳವರು ಒಂದು ಸಂಗತಿಯನ್ನು ಬಲ್ಲರು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಸೋದರಮಾವ, ಗುರು, ಸ್ನೇಹಿತ, ಹೀಗೆ ಹೆಸರು ಹೇಳಿ ನೀರು ಬಿಟ್ಟಾದ ಮೇಲೆ, ಕಡೆಯಲ್ಲಿ ಯಾರಿಗೆ ಯಾರೂ ಇಲ್ಲವೋ ಅವರ ಪಾಲಿಗೂ ನೀರು ಬಿಡುವ ವಿಧಿಯುಂಟು. ನಂಟರಿಲ್ಲದವರಿಗೂ ಒಬ್ಬ ನಂಟನಿರಬೇಕೆಂದು ನಮ್ಮ ಪೂರ್ವಿಕರು ಸತ್ತವರ ವಿಷಯದಲ್ಲಿ ಕಟ್ಟುಮಾಡಿದರು. ತಾತಯ್ಯನವರು ಅದನ್ನು ಬದುಕಿರುವ ಮಕ್ಕಳ ವಿಷಯದಲ್ಲಿ ನಡೆಯಿಸಿದರು. ಇಂತಹವರ ಹುಟ್ಟಿದ ಹಬ್ಬದಂದು ಪ್ರತಿಮೆಗೆ ಒಂದು ಹಾರ ಬೀಳುವುದು ಒಳ್ಳೆಯದೇ; ಆದರೆ ಹಾರವು ಮಾರನೆಯ ದಿನಕ್ಕೆ ಬಾಡುವುದು. ತಾತನ ಶ್ರಾದ್ಧವನ್ನು ಮೊಮ್ಮಕ್ಕಳು ಮನೆಯಲ್ಲಿ ಮಾಡಬೇಕೇ ಹೊರತು ಚೌಕದಲ್ಲಿ ಅಲ್ಲ.

ವಾರಾನ್ನದ ಕಾಲವು ಹೋಯಿತು. ಈಗ ಸರಕಾರದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ, ವಿದ್ಯಾರ್ಥಿನಿಲಯಗಳಿವೆ, ಹುಡುಗನು ಏಳು ಮನೆಗಳ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ. ಅದು ಸಂತೋಷದ ವಿಷಯ. ಆದರೆ ಸರಕಾರದ ಏರ್ಪಾಡು ಮಗುವಿನ ಹೊಟ್ಟೆಯನ್ನು ತುಂಬಿಸಬಲ್ಲುದು. ಅದು ಎರಡು ದಿನ ಶಾಲೆಗೆ ಬರದಿದ್ದರೆ ಏಕೆಂದು ಮನೆಗೆ ಹೋಗಿ ಕೇಳುವ ಕೆಲಸವನ್ನು ಊರಿನ ಹಿರಿಯರೇ ಮಾಡಬೇಕು. ನಮ್ಮ ಗೃಹಸ್ಥರಲ್ಲಿ ನಾವು ಬೇಡಿಕೊಳ್ಳುವುದು ದೊಡ್ಡದೇನೂ ಅಲ್ಲ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು, ಹಾಲು ತರುವವರು, ಬಟ್ಟೆಗೆ ಇಸ್ತ್ರಿ ಹಾಕುವವರು, ಬೀದಿಯ ಕೊನೆಯಲ್ಲಿ ಹೂ ಮಾರುವವರು, ಇವರ ಮಕ್ಕಳಲ್ಲಿ ಒಂದು ಮಗುವಿನ ಹೆಸರನ್ನು, ತರಗತಿಯನ್ನು ತಿಳಿದುಕೊಳ್ಳಿರಿ. ತಿಂಗಳಿಗೊಮ್ಮೆ ಆ ಮಗುವನ್ನು ವಿಚಾರಿಸಿರಿ. ವಿಚಾರಿಸುವಾಗ ಕೈಯಲ್ಲಿರುವ ಪೇಪರನ್ನು ಕೆಳಗಿಡಿರಿ. ಮುಂದೆ ಮಾಡಬೇಕಾದುದೇನೆಂಬುದು ಆಗ ತಾನಾಗಿಯೇ ತಿಳಿದುಬರುವುದು.

ಕಳೆದ ಭಾನುವಾರ ಗಣಿತದ ಪಾಠವು ನಡೆಯುತ್ತಿರುವಾಗ ನಮ್ಮ ಮೊಮ್ಮಗಳು ಆ ಹುಡುಗನಿಗೆ ತಾನು ಕೇಳಿದ ಕಥೆಯನ್ನು ಹೇಳುತ್ತಿದ್ದಳು. ಅವನೂ ಕೇಳಿದನು, “ಅವರು ಯಾರ ತಾತ?” ಎಂದು. ಮಗುವು ಸ್ವಲ್ಪವೂ ತಡೆಯದೆ, “ನಿನಗೂ ತಾತ, ನನಗೂ ತಾತ, ನಮ್ಮ ತಾತನಿಗೂ ತಾತ” ಎಂದಳು. ನಾವು ಇಷ್ಟು ಪುಟಗಳಲ್ಲಿ ಹೇಳಲು ತೊಳಲಿದ ಉತ್ತರವು ಅದೇ ಆದುದರಿಂದ, ಈ ತಿಂಗಳ ಮಾತನ್ನು ಇಲ್ಲಿಗೆ ಮುಗಿಸುತ್ತೇವೆ.